ಹಸಿರೆಲೆ ಕೀಳುವ ಮುನ್ನ ಬೆಳೆ ಯಾವುದು, ಹೊತ್ತು ಯಾವುದು ನೋಡಿ

ಮಾನ್ಯ ಸಂಪಾದಕರಿಗೆ,

ನಮ್ಮ ಭಾಗದ ರೈತರ ಮೊಬೈಲುಗಳಲ್ಲಿ ಒಂದು ಸಲಹೆ ಜೋರಾಗಿ ಹರಿದಾಡುತ್ತಿದೆ. ಗಿಡದಲ್ಲಿರುವ ದೊಡ್ಡ ಎಲೆಗಳು ಹಸಿರಾಗಿ, ಆರೋಗ್ಯವಾಗಿ ಇದ್ದರೂ ಚಿಂತೆಯಿಲ್ಲ, ಕಿತ್ತು ಹಾಕಿ, ಶಕ್ತಿಯೆಲ್ಲ ಕಾಯಿಗೆ ಹೋಗುತ್ತದೆ ಎನ್ನುವುದು ಅದರ ತಿರುಳು. ಮೆಣಸಿನಕಾಯಿ, ಟೊಮೆಟೊ, ಬದನೆ, ಹತ್ತಿ ಎಲ್ಲಕ್ಕೂ ಅದೇ ಮಾತು. ದಾಳಿಂಬೆ ತೋಟದವರು ವರ್ಷಕ್ಕೊಮ್ಮೆ ಎಲೆ ಉದುರಿಸಿಯೇ ಹೂ ತರಿಸುವುದನ್ನು ಕಣ್ಣಾರೆ ಕಂಡಿರುವ ಕೊಪ್ಪಳ, ರಾಯಚೂರು, ಬಳ್ಳಾರಿ ರೈತರಿಗೆ ಈ ಮಾತು ಸುಲಭವಾಗಿ ನಂಬಿಕೆ ಹುಟ್ಟಿಸುತ್ತದೆ. ಅಪಾಯ ಇರುವುದೇ ಅಲ್ಲಿ. ದಾಳಿಂಬೆ, ದ್ರಾಕ್ಷಿಯಲ್ಲಿ ಎಲೆ ತೆಗೆಯುವುದಕ್ಕೆ ಗೊತ್ತಾದ ಒಂದು ಹೊತ್ತಿದೆ, ಕಾರಣವಿದೆ. ಕಾಯಿ ಹಿಡಿದು ನಿಂತ ಮೆಣಸಿನ ಗಿಡದಿಂದ, ಹತ್ತಿ ಗಿಡದಿಂದ ಹಸಿರೆಲೆ ಕೀಳುವುದಕ್ಕೆ ಅಂಥ ಕಾರಣ ಯಾವುದೂ ಇಲ್ಲ. ಎರಡನ್ನೂ ಒಂದೇ ಎಂದು ಹೇಳುವವರು ರೈತನ ಕೂಲಿ ಹಣವನ್ನೂ ಇಳುವರಿಯನ್ನೂ ಒಟ್ಟಿಗೆ ಕಳೆಯುತ್ತಾರೆ.

ಎಲೆ ಗಿಡಕ್ಕೆ ಯಾವಾಗ ಕೊಡುತ್ತದೆ, ಯಾವಾಗ ಗಿಡದಿಂದ ತೆಗೆದುಕೊಳ್ಳುತ್ತದೆ ಎನ್ನುವುದು ಮೊದಲು ತಿಳಿಯಬೇಕು. ಚಿಗುರಿನಲ್ಲಿ ಬಿಚ್ಚಿಕೊಳ್ಳುವ ಎಳೆ ಎಲೆ ಪೂರ್ತಿ ಗಾತ್ರದ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಬೆಳೆಯುವವರೆಗೆ ಬೇರೆ ಎಲೆಗಳ ಸಕ್ಕರೆಯನ್ನು ಉಣ್ಣುತ್ತದೆ. ಅಲ್ಲಿಂದ ಮುಂದೆ ತಾನೇ ತಯಾರಿಸಿ ಹೊರಗೆ ಕಳಿಸುತ್ತದೆ. ಒಮ್ಮೆ ಕಳಿಸತೊಡಗಿದ ಎಲೆ ತಿರುಗಿ ಉಣ್ಣುವ ಎಲೆಯಾಗುವುದಿಲ್ಲ. ನೆರಳಿಗೆ ಬಿದ್ದ ಹಳೆಯ ಎಲೆ ಕಾಯಿಯ ಪಾಲನ್ನು ಕದಿಯುತ್ತದೆ ಎನ್ನುವುದು ಸುಳ್ಳು. ಬೆಳಕು ತೀರಾ ಸಾಲದಾದಾಗ ಅದು ತನ್ನೊಳಗಿನ ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂಗಳನ್ನು ಮೇಲಿನ ಚಿಗುರಿಗೂ ಕಾಯಿಗೂ ಒಪ್ಪಿಸಿ, ಹಳದಿಯಾಗಿ, ತಾನಾಗಿ ಕಳಚುತ್ತದೆ. ಹಸಿರಿದ್ದಾಗಲೇ ಕಿತ್ತರೆ ಆ ಗೊಬ್ಬರವೆಲ್ಲ ಸಾಲಿನ ನಡುವೆ ಬಿದ್ದು ಒಣಗುತ್ತದೆ. ಇನ್ನೊಂದು ಸಂಗತಿ: ಕಾಯಿಗೆ ಹೆಚ್ಚಿನ ಪಾಲು ಬರುವುದು ಅದರ ಪಕ್ಕದ ಎಲೆಗಳಿಂದ. ಕಾಯಿ ಕಾಣಲಿ ಎಂದು ಜನ ಕೀಳುವುದೂ ಅದೇ ಪಕ್ಕದ ಎಲೆಗಳನ್ನೇ.

ಎಲೆ ಕೀಳುವ ಈ ವಾದ ದೀಪದ ಕೆಳಗೆ, ಮುಚ್ಚಿದ ಕೋಣೆಯಲ್ಲಿ ಗಾಂಜಾ ಬೆಳೆಯುವ ಹೊರದೇಶದವರ ವಿಡಿಯೊಗಳಲ್ಲಿ ಬಹಳ ಕೇಳಿಬರುತ್ತದೆ. ಕೆನಡಾದಲ್ಲಿ 2018ರಿಂದ ಗಾಂಜಾ ಕಾನೂನುಬದ್ಧ. ನಮ್ಮಲ್ಲಿ 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಯ ಪ್ರಕಾರ ಹೊಲದ ಬದುವಿನಲ್ಲಿ ಒಂದೇ ಗಿಡ ಬೆಳೆಸಿದರೂ ಅಪರಾಧ. ಆ ಕೋಣೆಯಲ್ಲಿ ಬೆಳಕು ತಲೆಯ ಮೇಲಿನ ದೀಪದಿಂದ ಮಾತ್ರ ಬರುತ್ತದೆ. ದೀಪ ಅಲುಗಾಡುವುದಿಲ್ಲ, ಹಾಗಾಗಿ ಮೇಲಿನ ಅಗಲ ಎಲೆಯ ಕೆಳಗೆ ಇಡೀ ದಿನ ಕತ್ತಲು. ಗಾಳಿ ಆಡುವುದು ಫ್ಯಾನಿನಿಂದ. ಹೂಗೊಂಚಲು ದಟ್ಟ, ಒಳಗೆ ತೇವ ನಿಂತರೆ ಬೂಜು ಹಿಡಿದು ಮಾಲೆಲ್ಲ ಹಾಳು. ಅದಕ್ಕೇ ಹೂ ಬಿಡುವ ಮುಂಚೆ ಒಮ್ಮೆ, ಹೂ ಶುರುವಾದ ಮೂರನೇ ವಾರದ ಸುಮಾರಿಗೆ ಇನ್ನೊಮ್ಮೆ ಕೆಲವರು ಎಲೆ ಬಿಡಿಸುತ್ತಾರೆ. ಅಲ್ಲಿಯೂ ಅದಕ್ಕೆ ಎಲ್ಲರ ಒಪ್ಪಿಗೆಯಿಲ್ಲ. ಆರೋಗ್ಯವಂತ ಎಲೆ ಕಿತ್ತರೆ ಗಿಡ ಹಿಂದೆ ಬೀಳುತ್ತದೆ, ಒತ್ತಾದ ಎಲೆಯನ್ನು ಪಕ್ಕಕ್ಕೆ ಸರಿಸಿದರೆ ಸಾಕು ಎನ್ನುವ ಅನುಭವಿಗಳು ಅಲ್ಲೂ ಬಹಳ ಮಂದಿ.

ನಮ್ಮ ಬಯಲಿನಲ್ಲಿ ಇದರಲ್ಲಿ ಯಾವುದೂ ಇಲ್ಲ. ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಮೆಣಸಿನಕಾಯಿ, ಟೊಮೆಟೊ ಎಲೆ ಅದರ ಅರ್ಧವನ್ನೂ ಬಳಸಿಕೊಳ್ಳಲಾರದು. ಮೇಲಿನ ಎಲೆ ಬಿಟ್ಟುಕೊಟ್ಟ ಬೆಳಕೇ ಎರಡನೇ, ಮೂರನೇ ಸುತ್ತಿನ ಎಲೆಗೆ ಸಾಕಾಗುತ್ತದೆ. ಸೂರ್ಯ ಬೆಳಿಗ್ಗೆ ಒಂದು ಮಗ್ಗುಲಿನಿಂದ, ಸಂಜೆ ಇನ್ನೊಂದು ಮಗ್ಗುಲಿನಿಂದ ಗಿಡದೊಳಕ್ಕೆ ಇಳಿಯುತ್ತಾನೆ. ನಮಗೆ ಕೊರತೆ ಇರುವುದು ಬೆಳಕಿನದಲ್ಲ, ನೆರಳಿನದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ನೇರ ಬಿಸಿಲಿಗೆ ಬಿದ್ದ ಕಾಯಿಯ ಮೈ ಸುತ್ತಲಿನ ಗಾಳಿಗಿಂತ 10 ಡಿಗ್ರಿ ಹೆಚ್ಚು ಕಾಯುವುದುಂಟು. ಎಲೆ ನೀರನ್ನು ಆವಿಯಾಗಿಸಿ ತಾನೂ ತಂಪಾಗಿರುತ್ತದೆ, ಕಾಯಿಯನ್ನೂ ಕಾಯುತ್ತದೆ.

ಮೆಣಸಿನಕಾಯಿಯಲ್ಲಿ ಎಲೆ ಹೋದರೆ ಏನಾಗುತ್ತದೆ ಎಂದು ತಿಳಿಯಲು ಯಾರೂ ಪ್ರಯೋಗ ಮಾಡಬೇಕಿಲ್ಲ. ಬೂದಿ ರೋಗ ಬಿದ್ದ ಹೊಲ ನೋಡಿದರೆ ಸಾಕು. ಚಳಿ ಶುರುವಾದ ಮೇಲೆ ಎಲೆಯ ಅಡಿಯಲ್ಲಿ ಬಿಳಿ ಪುಡಿ, ಮೇಲೆ ಹಳದಿ ಮಚ್ಚೆ ಕಾಣುತ್ತದೆ. ಆಮೇಲೆ ಎಲೆ ಕಳಚುತ್ತ ಹೋಗಿ ಬರೀ ಕಾಯಿ ನೇತಾಡುವ ಗಿಡ ಉಳಿಯುತ್ತದೆ. ವಿಡಿಯೊದವರು ಕೇಳುವ ಗಿಡ ಇಂಥದ್ದೇ. ಆ ಕಾಯಿಗಳನ್ನು ಕೈಯಲ್ಲಿ ಹಿಡಿದು ನೋಡಿ. ಬಿಸಿಲಿಗೆ ತಿರುಗಿದ ಮಗ್ಗುಲು ಬೆಂದು ಬೆಳ್ಳಗೆ ಕಾಗದದಂತಾಗಿರುತ್ತದೆ, ಅದರ ಮೇಲೆ ಕಪ್ಪು ಬೂಜು ಕೂತಿರುತ್ತದೆ. ತುದಿಯ ಕಾಯಿಗಳು ಸಣ್ಣವು, ಬೀಜ ಜೊಳ್ಳು. ಒಣಗಿಸಿದಾಗ ಬಿಳಿಗಾಯಿ ಆಗುವುದು ಇವೇ. ಬ್ಯಾಡಗಿ ಮಾರುಕಟ್ಟೆಯಲ್ಲಿ ಬಣ್ಣಕ್ಕೇ ಬೆಲೆ ಕಟ್ಟುವ ಡಬ್ಬಿ, ಕಡ್ಡಿ ತಳಿಗಳಲ್ಲಿ ಬಿಳಿಗಾಯಿ ಬೆರೆತರೆ ಲಾಟಿನ ದರವೇ ಇಳಿಯುತ್ತದೆ. ರೋಗ ಎಲೆ ಉದುರಿಸಿದರೆ ಆಗುವ ನಷ್ಟ, ಕೈಯಿಂದ ಕಿತ್ತರೆ ಲಾಭವಾಗಲು ಸಾಧ್ಯವಿಲ್ಲ. ಬೂದಿ ರೋಗದ ಮೊದಲ ಮಚ್ಚೆ ಕಂಡಾಗಲೇ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ ಹಾಕಿ ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿದರೆ ಇದ್ದ ಎಲೆ ಉಳಿಯುತ್ತದೆ. ಬಿಸಿಲು ಏರಿದ ಮೇಲೆ ಗಂಧಕ ಹೊಡೆಯಬಾರದು, ಎಲೆ ಸುಡುತ್ತದೆ.

ಮುಟುರು ಬಂದ, ಅಂದರೆ ಮುದುಡಿದ ಎಲೆಗಳನ್ನು ಕಿತ್ತರೆ ರೋಗ ನಿಲ್ಲುತ್ತದೆ ಎನ್ನುವುದೂ ತಪ್ಪು. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎರಡಕ್ಕೂ ಔಷಧ ಬೇರೆ, ಹಾಗಾಗಿ ನೋಡದೆ ಅಂಗಡಿಗೆ ಹೋಗಬಾರದು. 2021ರ ನಂತರ ದಕ್ಷಿಣದ ಮೆಣಸಿನ ಹೊಲಗಳನ್ನು ಹಾಳುಮಾಡಿದ ಕಪ್ಪು ಥ್ರಿಪ್ಸ್ ಹೆಚ್ಚಾಗಿ ಕೂರುವುದು ಹೂವಿನೊಳಗೆ, ಎಲೆ ಕಿತ್ತರೆ ಅದಕ್ಕೆ ಏನೂ ಆಗುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬಲಿತ ಎಲೆ ಕಿತ್ತ ಗಿಡ ಹತ್ತು ಹದಿನೈದು ದಿನದಲ್ಲಿ ಎಳೆ ಚಿಗುರು ಒಡೆಯುತ್ತದೆ. ನುಸಿಗೆ ಬೇಕಾದದ್ದು ಆ ಎಳೆ ಚಿಗುರೇ. ಹೂವಿಗೂ ಕಾಯಿಗೂ ಸಿಗಬೇಕಿದ್ದ ಸಕ್ಕರೆ ಚಿಗುರಿಗೆ ಹೋಯಿತು, ಚಿಗುರು ನುಸಿಗೆ ಹೋಯಿತು.

ಹತ್ತಿಯಲ್ಲಿ ಎಲೆ ಕೆಂಪಾದಾಗ ಕೀಳಿಸುವ ರೂಢಿ ಅಲ್ಲಲ್ಲಿ ಇದೆ. ಕೆಂಪು ರೋಗವಲ್ಲ, ಹಸಿವಿನ ಗುರುತು. ಕಾಯಿ ಕಟ್ಟುವ ಭರದಲ್ಲಿ ಸಾರಜನಕ, ಮೆಗ್ನೀಷಿಯಂ ಸಾಲದೆ ಹೋದಾಗ, ಎರಿ (ಕಪ್ಪು) ನೆಲದಲ್ಲಿ ನೀರು ನಿಂತು ಬೇರು ಉಸಿರುಗಟ್ಟಿದಾಗ, ರಾತ್ರಿ ಚಳಿ ಏಕಾಏಕಿ ಹೆಚ್ಚಿದಾಗ ಎಲೆ ಕೆಂಪಾಗುತ್ತದೆ. ಅಂಚು ಮಾತ್ರ ಕೆಂಪಾಗಿ ಕೆಳಗೆ ಮಡಚಿದ್ದರೆ ಜಿಗಿಹುಳದ ಕಾಟ, ಎಲೆ ತಿರುವಿ ನೋಡಿದರೆ ಹಸಿರು ಹುಳು ಅಡ್ಡಡ್ಡ ಓಡುವುದು ಕಾಣುತ್ತದೆ. ಹಸಿವಿನ ಕೆಂಪಿಗೆ ಲೀಟರ್ ನೀರಿಗೆ 10 ಗ್ರಾಂ ಮೆಗ್ನೀಷಿಯಂ ಸಲ್ಫೇಟ್, 20 ಗ್ರಾಂ ಯೂರಿಯಾ ಬೆರೆಸಿ 20 ದಿನದ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸಬೇಕು, ನಿಂತ ನೀರಿಗೆ ಬಸಿಗಾಲುವೆ ತೆಗೆಯಬೇಕು. ಅರೆಗೆಂಪು ಎಲೆ ಇನ್ನೂ ದುಡಿಯುತ್ತಿರುತ್ತದೆ. ಯಂತ್ರದಿಂದ ಹತ್ತಿ ಬಿಡಿಸುವ ದೇಶಗಳಲ್ಲಿ ಎಲೆ ಉದುರಿಸುವ ಔಷಧ ಹೊಡೆಯುತ್ತಾರೆ, ನಿಜ. ಆದರೆ ಅದು ಅರ್ಧಕ್ಕಿಂತ ಹೆಚ್ಚು, ಸಾಮಾನ್ಯವಾಗಿ ನೂರಕ್ಕೆ 60 ಕಾಯಿ ಒಡೆದ ಮೇಲೆ. ಕೈಯಿಂದ ಮೂರು ನಾಲ್ಕು ಸಲ ಬಿಡಿಸುವ ನಮಗೆ ಅದರ ಗೊಡವೆ ಬೇಡ.

ತೊಗರಿಯ ಕುಡಿ ಚಿವುಟುವುದನ್ನು ಇದಕ್ಕೆ ಸಾಕ್ಷಿಯಾಗಿ ತರುವವರಿದ್ದಾರೆ. ಬಿತ್ತಿದ 45ರಿಂದ 50 ದಿನಕ್ಕೆ ತುದಿಯ 5–6 ಸೆಂಟಿಮೀಟರ್ ಕುಡಿ ಚಿವುಟಿದರೆ ಪಕ್ಕದ ಕೊಂಬೆ ಹೆಚ್ಚುವುದು ನಿಜ. ಅಲ್ಲಿ ತೆಗೆಯುವುದು ಬೆಳೆಯುವ ಮೊಗ್ಗನ್ನು. ತುದಿಮೊಗ್ಗು ಹೋದರೆ ಕೆಳಗಿನ ಮೊಗ್ಗುಗಳ ಮೇಲಿನ ಅದರ ಹಿಡಿತ ಸಡಿಲಾಗುತ್ತದೆ, ಅವು ಒಡೆಯುತ್ತವೆ. ಎಲೆ ಕಿತ್ತರೆ ಈ ಕೆಲಸ ಆಗುವುದಿಲ್ಲ. ಹೂ ಬಂದ ಮೇಲೆ ಕುಡಿ ಚಿವುಟಿದರೂ ನಷ್ಟವೇ.

ಈ ಬೆಳೆಗಳ ಪೈಕಿ ಟೊಮೆಟೊದಲ್ಲಿ ಮಾತ್ರ ಕೆಲವು ಹಸಿರೆಲೆ ತೆಗೆಯಲು ಅರ್ಥವಿದೆ, ಅದೂ ಕೋಲು, ತಂತಿ ಕಟ್ಟಿ ಎತ್ತರಕ್ಕೆ ಬೆಳೆಸುವ ಹೈಬ್ರಿಡ್ ಗಿಡಗಳಲ್ಲಿ. ನೆಲದಲ್ಲಿ ಹರಡುವ ಗಿಡ್ಡ ತಳಿಗಳಲ್ಲಿ ಮುಟ್ಟಲೇಬಾರದು. ಮಳೆ ಹನಿ ಮಣ್ಣನ್ನು ಚಿಮ್ಮಿಸಿದಾಗ ಅಂಗಮಾರಿ ರೋಗದ ಬೀಜಕಣ ಮೊದಲು ತಾಗುವುದು ನೆಲಕ್ಕೆ ಜೋತ ಎಲೆಗೆ. ಮೊದಲ ಗೊಂಚಲು ಕಾಯಿ ಕಟ್ಟಿದ ಮೇಲೆ ಬುಡದಿಂದ ಒಂದು ಅಡಿಯವರೆಗಿನ ಎಲೆ ತೆಗೆಯಬಹುದು. ಒಂದು ಸಲಕ್ಕೆ ಎರಡು ಮೂರು ಎಲೆ, ಮತ್ತೆ ಒಂದು ವಾರ ಬಿಟ್ಟು. ಹಣ್ಣಾಗುತ್ತಿರುವ ಗೊಂಚಲಿಗಿಂತ ಮೇಲಿನ ಎಲೆ ಮುಟ್ಟಬಾರದು. ಗಿಡದಲ್ಲಿ ಯಾವಾಗಲೂ 15 ಎಲೆಗೆ ಕಡಿಮೆ ಉಳಿಯಬಾರದು. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಮೋಡವಿಲ್ಲದ ದಿನ ಕೆಲಸ ಮಾಡಿದರೆ ಗಾಯ ಮಧ್ಯಾಹ್ನಕ್ಕೆ ಒಣಗುತ್ತದೆ. ಎಲೆಯ ತೊಟ್ಟನ್ನು ಹೆಬ್ಬೆರಳಿನಿಂದ ಸ್ವಲ್ಪ ಮೇಲೆತ್ತಿ ಆಮೇಲೆ ಕೆಳಕ್ಕೆ ಒತ್ತಿದರೆ ಗೆಣ್ಣಿನಲ್ಲೇ ಚಟ್ ಎಂದು ಮುರಿಯುತ್ತದೆ. ಕೆಳಕ್ಕೆ ಎಳೆದರೆ ಕಾಂಡದ ಸಿಪ್ಪೆ ಕಿತ್ತು ಬರುತ್ತದೆ. ತುಂಡು ತೊಟ್ಟು ಉಳಿಸಿದರೆ ಅದು ಕೊಳೆತು ಬೂಜು ಕಾಂಡಕ್ಕಿಳಿಯುತ್ತದೆ. ಬಣ್ಣ ಬರಲಿ ಎಂದು ಹಣ್ಣಿನ ಮುಂದಿನ ಎಲೆ ತೆಗೆಯುವುದು ತಿರುಗುಬಾಣ. ಟೊಮೆಟೊದ ಕೆಂಪು ಬಣ್ಣ 30 ಡಿಗ್ರಿ ದಾಟಿದರೆ ಸರಿಯಾಗಿ ಕೂರುವುದಿಲ್ಲ, ಬಿಸಿಲಿಗೆ ಬಿದ್ದ ಹೆಗಲು ಹಳದಿಯಾಗಿಯೇ ಗಟ್ಟಿಯಾಗಿ ಉಳಿಯುತ್ತದೆ.

ಕೀಳುವ ಕೈಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಟೊಮೆಟೊ, ಮೆಣಸಿನಕಾಯಿಗೆ ಬರುವ ಮೊಸಾಯಿಕ್ ನಂಜು ರೋಗ ರಸದ ಮೂಲಕ ಗಿಡದಿಂದ ಗಿಡಕ್ಕೆ ದಾಟುತ್ತದೆ. ಬೀಡಿ, ತಂಬಾಕು ಮುಟ್ಟಿದ ಬೆರಳಿನಲ್ಲೂ ಅದು ಬರಬಹುದು, ಏಕೆಂದರೆ ಆ ನಂಜು ಒಣ ತಂಬಾಕಿನಲ್ಲಿಯೂ ಸಾಯುವುದಿಲ್ಲ. ಒಂದು ರೋಗದ ಗಿಡ ಮುಟ್ಟಿ ಅದೇ ಕೈಯಲ್ಲಿ ಎಲೆ ಕೀಳುತ್ತ ಸಾಲು ಮುಗಿಸಿದರೆ ಆ ಸಾಲಿಗೆಲ್ಲ ನಂಜು ಅಂಟಿಸಿದಂತಾಯಿತು. ಸೋಪಿನಲ್ಲಿ ಕೈ ತೊಳೆದು ಶುರು ಮಾಡಬೇಕು, ಸಾಲು ಬದಲಿಸುವಾಗ ಕೆನೆ ತೆಗೆದ ಹಾಲಿನಪುಡಿಯ ದ್ರಾವಣದಲ್ಲಿ ಬೆರಳು ಅದ್ದಬೇಕು. ಸಂಶಯದ ಗಿಡವನ್ನು ಕೊನೆಗೆ ಮುಟ್ಟಬೇಕು.

ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಎಲೆ ಕತ್ತರಿಸುವ ಒಂದು ಹಳೆಯ ಒಳ್ಳೆಯ ಪದ್ಧತಿಯಿದೆ. ಕಾಂಡಕೊರಕದ ಪತಂಗ ಸಸಿಯ ಎಲೆಯ ತುದಿಯ ಹತ್ತಿರ ಮೊಟ್ಟೆ ಇಡುವುದರಿಂದ, ನಾಟಿಗೆ ಮೊದಲು ಸಸಿಮಡಿಯ ಕಟ್ಟಿನ ತುದಿ ಕತ್ತರಿಸಿ ಹಾಕಿದರೆ ಮೊಟ್ಟೆ ಗದ್ದೆಗೆ ಹೋಗುವುದಿಲ್ಲ. ಆದರೆ ದುಂಡಾಣು ಎಲೆ ಅಂಗಮಾರಿ ಇರುವ ಕಡೆ ಇದನ್ನೇ ಮಾಡಬಾರದು. ಕತ್ತರಿಸಿದ ತುದಿಯೇ ದುಂಡಾಣುವಿಗೆ ಬಾಗಿಲಾಗಿ, ನಾಟಿಯಾದ ಎರಡು ಮೂರು ವಾರದಲ್ಲಿ ಸಸಿಯ ಇಡೀ ಗುತ್ತಿ ಬಾಡಿ ಸಾಯುತ್ತದೆ. ಸೋನಾ ಮಸೂರಿ ಎಂದು ನಾವು ಕರೆಯುವ ಬಿಪಿಟಿ 5204 ಈ ರೋಗಕ್ಕೆ ಬೇಗ ತುತ್ತಾಗುವ ತಳಿ. ಹಿಂದಿನ ಹಂಗಾಮಿನಲ್ಲಿ ಗದ್ದೆಯಲ್ಲಿ ಅಂಗಮಾರಿ ಕಂಡಿದ್ದರೆ ತುದಿ ಕತ್ತರಿಸದೆ, ಮೊಟ್ಟೆ ಇರುವ ಎಲೆಯನ್ನು ಸಸಿಮಡಿಯಲ್ಲೇ ಹುಡುಕಿ ತೆಗೆಯುವುದು ಸುರಕ್ಷಿತ. ಒಂದೇ ಬೆಳೆಯಲ್ಲಿ, ಒಂದೇ ಕೆಲಸ, ಒಂದು ಊರಿಗೆ ಮದ್ದು, ಪಕ್ಕದ ಊರಿಗೆ ವಿಷ. ಎಲ್ಲ ಬೆಳೆಗೂ ಒಂದೇ ಸಲಹೆ ಕೊಡುವವರು ಇದನ್ನು ಗಮನಿಸಬೇಕು.

ಮೆಕ್ಕೆಜೋಳದಲ್ಲಿ ದನದ ಮೇವಿಗೆಂದು ಎಲೆ ಕೀಳುವವರು ತೆನೆಯ ಎಲೆಯನ್ನೂ ಅದರ ಮೇಲಿನ ಎಲೆಗಳನ್ನೂ ಬಿಡಬೇಕು, ಕಾಳು ತುಂಬಿಸುವುದು ಮುಖ್ಯವಾಗಿ ಅವೇ. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಬಿದ್ದ ಮೇಲೆ ತುದಿ ಕತ್ತರಿಸಿ ಮೇವಿಗೆ ಹಾಕಿದರೆ ನಷ್ಟವಿಲ್ಲ. ಗಂಗಾವತಿ, ಕಂಪ್ಲಿ ಕಡೆಯ ಬಾಳೆಯಲ್ಲಿ ಗೊನೆ ಹೊರಬರುವಾಗ ಕನಿಷ್ಠ 8 ಒಳ್ಳೆಯ ಎಲೆ ಬೇಕು. ಊಟದ ಎಲೆಗೆಂದು ಅದಕ್ಕಿಂತ ಕಡಿಮೆ ಮಾಡಿದರೆ ಕಾಯಿ ದಪ್ಪವಾಗುವುದಿಲ್ಲ. ಸಿಗಾಟೋಕ ಮಚ್ಚೆ ಬಿದ್ದಲ್ಲಿ ಇಡೀ ಎಲೆ ಕಡಿಯದೆ ರೋಗದ ಭಾಗವನ್ನಷ್ಟೇ ಕತ್ತರಿಸಬೇಕು.

ಇನ್ನು ದಾಳಿಂಬೆ. ಕುಷ್ಟಗಿ, ಯಲಬುರ್ಗಾ, ಕೊಪ್ಪಳ ತಾಲೂಕುಗಳ ತೋಟದವರಿಗೆ ಬಹಾರ್, ಅಂದರೆ ಒಟ್ಟಿಗೆ ಹೂ ತರಿಸುವ ಹಂಗಾಮು, ಹೊಸ ಮಾತಲ್ಲ. ಆದರೂ ಎಲೆ ಉದುರಿಸುವ ಹಂತದಲ್ಲೇ ಹೆಚ್ಚು ತೋಟಗಳು ಕೆಡುತ್ತವೆ, ಅದಕ್ಕೇ ಬಿಡಿಸಿ ಬರೆಯಬೇಕಾಗಿದೆ. ದಾಳಿಂಬೆ ನಮ್ಮ ಹವೆಯಲ್ಲಿ ವರ್ಷವಿಡೀ ಅಷ್ಟಷ್ಟೇ ಹೂ ಬಿಡುವ ಗಿಡ. ಒಂದೇ ಸಲಕ್ಕೆ ಹೂ ಬರಿಸಲು ಅದನ್ನು ನಿದ್ದೆಗೆ ಕಳಿಸಬೇಕು. ನಿದ್ದೆಗೆ ಕಳಿಸುವುದು ನೀರಿನ ತಡೆ, ಎಲೆ ಉದುರುವುದು ಆ ನಿದ್ದೆಯ ಕೊನೆಯ ಗುರುತು. ಬರೀ ಎಲೆ ಉದುರಿಸಿದರೆ ನಿದ್ದೆ ಬಂದಂತಾಗುವುದಿಲ್ಲ.

ಕೊಯ್ಲು ಮುಗಿದ ಮೇಲೆ ಎರಡು ಮೂರು ತಿಂಗಳು ಗಿಡಕ್ಕೆ ಗೊಬ್ಬರ, ನೀರು ಕೊಟ್ಟು ಹಸಿರೆಲೆ ತುಂಬಿಕೊಳ್ಳಲು ಬಿಡಬೇಕು. ಮುಂದಿನ ಹೂವಿಗೆ ಬೇಕಾದ ಪಿಷ್ಟ ಕೊಂಬೆಗಳಲ್ಲಿ ಕೂಡುವುದು ಆಗಲೇ. ಈ ಹೊತ್ತಿನಲ್ಲಿ ಒಂದು ಹಸಿರೆಲೆ ಕಿತ್ತರೂ ಮುಂದಿನ ಕಾಯಿಯ ಬುತ್ತಿಗೆ ಕೈ ಹಾಕಿದಂತೆ. ಆಮೇಲೆ ನೀರು ನಿಲ್ಲಿಸಬೇಕು, ಮಸಾರಿ (ಕೆಂಪು) ನೆಲದಲ್ಲಿ 4–5 ವಾರ, ಎರಿ ನೆಲದಲ್ಲಿ ಇನ್ನೂ ಹೆಚ್ಚು. ಎಲೆ ಹಳದಿಯಾಗಿ, ಅರ್ಧದಷ್ಟು ತಾನಾಗಿ ಉದುರಿದಾಗ ಉಳಿದದ್ದಕ್ಕೆ ಎಲೆ ಉದುರಿಸುವ ಔಷಧ ಎಥ್ರೆಲ್ ಸಿಂಪಡಣೆ: 39 ಪ್ರತಿಶತದ ಎಥೆಫಾನ್ ಲೀಟರಿಗೆ 2ರಿಂದ 2.5 ಮಿಲಿ, ಜೊತೆಗೆ ಡಿಎಪಿ 5 ಗ್ರಾಂ. ಎಲೆ ಆಗಲೇ ಬಹಳ ಉದುರಿದ್ದರೆ 1ರಿಂದ 1.5 ಮಿಲಿ ಸಾಕು. ಒಂದು ವಾರ, ಹತ್ತು ದಿನದಲ್ಲಿ ಗಿಡ ಬೋಳಾಗುತ್ತದೆ.

ಎಡವುವುದು ಹೀಗೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹೂ ತರಿಸುವ ಹಸ್ತ ಬಹಾರ್‌ಗೆ ನೀರು ನಿಲ್ಲಿಸುವ ಹೊತ್ತಿಗೆ ಮಳೆ ಬಿಡುವುದಿಲ್ಲ, ಗಿಡ ಬಾಡುವುದಿಲ್ಲ. ಆಗ ಎಲೆ ಉದುರಲಿಲ್ಲ ಎಂದು ಔಷಧದ ಪ್ರಮಾಣ ಏರಿಸುತ್ತಾರೆ. ಬಾಡದ ಗಿಡಕ್ಕೆ ಹೆಚ್ಚಿನ ಎಥ್ರೆಲ್ ಬಿದ್ದರೆ ಎಲೆಯ ಜೊತೆ ಎಳೆ ಕಡ್ಡಿಯೂ ತುದಿಯಿಂದ ಒಣಗುತ್ತದೆ, ಅಂಟು ಸುರಿಯುತ್ತದೆ, ಹೂವಿನ ಬದಲು ಹುಲುಸು ಚಿಗುರು ಬರುತ್ತದೆ. ಪ್ರಮಾಣ ಹೆಚ್ಚಿಸುವ ಬದಲು ದಿನ ಮುಂದೂಡುವುದೇ ಲೇಸು. ಇನ್ನೊಂದು ತೊಂದರೆ ನೀರಿನದು. ನಮ್ಮ ಬೋರ್‌ವೆಲ್ ನೀರು ಕ್ಷಾರದ್ದು. ಎಥೆಫಾನ್ ಹುಳಿ ದ್ರಾವಣದಲ್ಲಿ ಮಾತ್ರ ಗಟ್ಟಿ, ಕ್ಷಾರ ನೀರಿನಲ್ಲಿ ಬೆರೆಸಿ ಇಟ್ಟರೆ ಎಲೆಯೊಳಗೆ ಹೋಗುವ ಮೊದಲೇ ಡ್ರಮ್ಮಿನಲ್ಲೇ ಅನಿಲವಾಗಿ ಹಾರಿಹೋಗುತ್ತದೆ. ಬೆರೆಸಿದ ಕೂಡಲೇ ಸಿಂಪಡಿಸಿ ಮುಗಿಸಬೇಕು. ಸುಣ್ಣ ಇರುವ ಬೋರ್ಡೋ ದ್ರಾವಣದ ಜೊತೆ ಬೆರೆಸಲೇಬಾರದು, ಬೋರ್ಡೋ ಹೊಡೆದ ಪಂಪನ್ನು ತೊಳೆಯದೆ ಬಳಸಲೂಬಾರದು. ಗಾಳಿ ಬೀಸುವಾಗ ಹೊಡೆದರೆ ಪಕ್ಕದವರ ಹತ್ತಿ, ಮೆಣಸಿನ ಹೂವೂ ಉದುರುತ್ತದೆ, ಜಗಳ ಬೇರೆ.

ಬೋಳಾದ ಗಿಡದ ಕೊಂಬೆತುದಿ 10–15 ಸೆಂಟಿಮೀಟರ್ ಸವರಿ, ಬುಡದ ಮರಿ ಚಿಗುರು ತೆಗೆದು, ಉದುರಿದ ಎಲೆಯನ್ನೆಲ್ಲ ಗುಡಿಸಿ ತೋಟದ ಹೊರಗೆ ಸುಡಬೇಕು. ಈ ಎಲೆಯನ್ನು ಗೊಬ್ಬರವೆಂದು ಬುಡದಲ್ಲೇ ಬಿಡುವುದು ದೊಡ್ಡ ತಪ್ಪು. ನಮ್ಮ ತೋಟಗಳನ್ನು ನೆಲಕಚ್ಚಿಸಿದ ದುಂಡಾಣು ಅಂಗಮಾರಿ ಆ ಎಲೆಗಳಲ್ಲಿ ತಿಂಗಳುಗಟ್ಟಲೆ ಬದುಕಿದ್ದು ಮೊದಲ ಮಳೆಗೆ ಮೇಲೆ ಚಿಮ್ಮುತ್ತದೆ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ 1 ಪ್ರತಿಶತದ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಬೇಕು. ಸವರಿದ ದಿನವೇ 1 ಪ್ರತಿಶತದ ಬೋರ್ಡೋ ಸಿಂಪಡಿಸಬೇಕು: ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್. ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಕರಗಿಸಿ ಬೆರೆಸಬೇಕು. ಹೊಳೆಯುವ ಕಬ್ಬಿಣದ ಚಾಕು ಅದ್ದಿ ನೋಡಿ, ಅದರ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸೇರಿಸಬೇಕು. ಮೊದಲ ನೀರು ಹಗುರವಾಗಿ ಕೊಟ್ಟು ಆಮೇಲೆ ಏರಿಸುತ್ತ ಹೋಗಬೇಕು.

ಹೊಸ ಎಲೆ ಬಂದು ಕಾಯಿ ನಿಂತ ಮೇಲೆ ದಾಳಿಂಬೆಯಲ್ಲೂ ಹಸಿರೆಲೆಗೆ ಕೈ ಹಚ್ಚುವಂತಿಲ್ಲ. ಪಡುವಣ ಮಗ್ಗುಲಿನ ಕಾಯಿ ಮಧ್ಯಾಹ್ನದ ಮೇಲಿನ ಬಿಸಿಲಿಗೆ ಕಂದುಹಳದಿಯಾಗಿ ಸುಟ್ಟರೆ ಆ ಹಣ್ಣನ್ನು ವ್ಯಾಪಾರಿ ಬದಿಗೆ ಎಸೆಯುತ್ತಾನೆ. ಬಣ್ಣಕ್ಕೆ ಬಿಸಿಲು ಬೇಕೆನ್ನುವವರು ಚೀಲ ಕಟ್ಟಿದ ಭಗವಾ ತಳಿಯ ಹಣ್ಣಿನ ಬಣ್ಣ ನೋಡಲಿ, ಬಿಸಿಲಿಗೆ ಬಿಟ್ಟದ್ದಕ್ಕಿಂತ ಅದೇ ಹೊಳೆಯುತ್ತದೆ. ಕಾಯಿ ದಪ್ಪವಾಗಬೇಕೆಂದರೆ ಎಲೆ ಕಡಿಮೆ ಮಾಡುವುದಲ್ಲ, ಕಾಯಿ ಕಡಿಮೆ ಮಾಡಬೇಕು. ಐದು ವರ್ಷದ ಗಿಡಕ್ಕೆ ಸುಮಾರು 60ರಿಂದ 80 ಕಾಯಿ ಬಿಟ್ಟು ಉಳಿದದ್ದನ್ನು ನಿಂಬೆ ಗಾತ್ರದಲ್ಲಿರುವಾಗಲೇ ತೆಗೆಯಬೇಕು. ರೈತನಿಗೆ ಕಾಯಿ ಕೀಳಲು ಮನಸ್ಸು ಬರುವುದಿಲ್ಲ, ಎಲೆ ಕೀಳುವುದು ಹಗುರ ಅನ್ನಿಸುತ್ತದೆ. ಈ ಸಲಹೆ ಹರಡಲು ಅದೂ ಒಂದು ಕಾರಣವಿರಬೇಕು.

ದ್ರಾಕ್ಷಿಯಲ್ಲಿ ಎರಡು ಚಾಟನಿಗೂ (ಕಡ್ಡಿ ಸವರುವುದಕ್ಕೂ) ಎರಡು ಲೆಕ್ಕ. ಅಕ್ಟೋಬರ್ ಚಾಟನಿಗೆ ಒಂದೆರಡು ವಾರ ಮೊದಲು ಎಲೆ ಬಿಡಿಸುವುದು ಕಡ್ಡಿಯ ಕಣ್ಣು (ಮೊಗ್ಗು) ಉಬ್ಬಲಿ ಎಂದು, ಅದು ಸರಿ. ಚಾಟನಿ ಆದ ಮೇಲೆ ಕಡ್ಡಿಯ ಕಣ್ಣಿಗೆ ಹಚ್ಚುವ, ಚಿಗುರು ಒಡೆಸುವ ಹೈಡ್ರೋಜನ್ ಸೈನಮೈಡ್ ಬಗ್ಗೆ ಒಂದು ಎಚ್ಚರಿಕೆ: ಕೈಗವಸು ಹಾಕದೆ ಮುಟ್ಟಬಾರದು, ಆ ಕೆಲಸ ಮಾಡುವ ಆಳು ಹಿಂದಿನ ದಿನದಿಂದ ಹಿಡಿದು ಕೆಲಸ ಮುಗಿದ ಒಂದು ವಾರದವರೆಗೆ ಮದ್ಯ ಮುಟ್ಟಬಾರದು. ಎರಡೂ ಸೇರಿದರೆ ಮುಖ ಕೆಂಪೇರಿ, ಎದೆ ಬಡಿತ ಹೆಚ್ಚಿ, ಜೀವಕ್ಕೇ ಸಂಚಕಾರ. ಮಾಲೀಕರು ಇದನ್ನು ಆಳುಗಳಿಗೆ ಬಾಯಿಬಿಟ್ಟು ಹೇಳಲೇಬೇಕು. ಕಾಳು ಕಟ್ಟಿದ ಮೇಲೆ ಗೊಂಚಲಿಗೆ ಒತ್ತಿಕೊಂಡ ಬುಡದ ಒಂದೆರಡು ಎಲೆ ತೆಗೆದರೆ ಗಾಳಿ ಆಡುತ್ತದೆ, ಔಷಧ ಒಳಗೆ ಹೋಗುತ್ತದೆ. ಅಷ್ಟೇ. ಒಂದು ಗೊಂಚಲಿಗೆ 12ರಿಂದ 15 ಎಲೆ ಉಳಿಯದಿದ್ದರೆ ಸಕ್ಕರೆ ಏರುವುದಿಲ್ಲ, ಕೊಯ್ಲು ವಾರಗಟ್ಟಲೆ ಮುಂದೆ ಹೋಗುತ್ತದೆ. ಏಪ್ರಿಲ್ ಚಾಟನಿಯಾದ 40ರಿಂದ 60 ದಿನದಲ್ಲಿ ಮುಂದಿನ ಗೊಂಚಲು ಕಣ್ಣಿನೊಳಗೆ ರೂಪುಗೊಳ್ಳುತ್ತದೆ. ಆಗ ಕಣ್ಣಿಗೆ ಬೆಳಕು ಬೇಕು, ನೆರಳಿದ್ದರೆ ಕಡ್ಡಿ ಗೊಡ್ಡಾಗುತ್ತದೆ. ಆದರೆ ಅಲ್ಲಿಯೂ ತೆಗೆಯಬೇಕಾದದ್ದು ಹೆಚ್ಚಿನ ಕಡ್ಡಿ ಮತ್ತು ಬಗಲು ಚಿಗುರು. ಉಳಿಸಿಕೊಂಡ ಕಡ್ಡಿಯ ಎಲೆ ಹಾಗೆಯೇ ಇರಬೇಕು.

ಈಗಾಗಲೇ ಮೆಣಸಿನಕಾಯಿಯಲ್ಲೋ ಬದನೆಯಲ್ಲೋ ಎಲೆ ಕೀಳಿಸಿದವರು ಗಾಬರಿಯಾಗಿ ಯೂರಿಯಾ ಸುರಿಯಬಾರದು, ಇನ್ನಷ್ಟು ಎಳೆ ಚಿಗುರು ಬಂದು ನುಸಿಗೆ ಹಬ್ಬವಾಗುತ್ತದೆ. ಎಲೆ ಕಡಿಮೆಯಾದ ಗಿಡ ಕುಡಿಯುವ ನೀರೂ ಕಡಿಮೆ. ಡ್ರಿಪ್ ಮೊದಲಿನಷ್ಟೇ ಬಿಟ್ಟರೆ ಎರಿ ನೆಲದಲ್ಲಿ ಬೇರು ಉಸಿರುಗಟ್ಟಿ ಸೊರಗು ರೋಗ ಹಿಡಿಯುತ್ತದೆ. ಎರಡು ವಾರ ನೀರು ಕಡಿಮೆ ಮಾಡಿ, ನೀಲಿ ಅಂಟುಕಾಗದ ತೂಗುಹಾಕಿ ಥ್ರಿಪ್ಸ್ ಮೇಲೆ ಕಣ್ಣಿಡಬೇಕು.

ಗಂಗಾವತಿ, ರಾಯಚೂರು, ಹಗರಿಯ ಕೃಷಿ ವಿಜ್ಞಾನ ಕೇಂದ್ರಗಳು ಈ ಹಂಗಾಮಿನಲ್ಲೇ ಒಂದು ಪ್ರಾತ್ಯಕ್ಷಿಕೆ ಇಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇವೆ. ದೊಡ್ಡ ಖರ್ಚೇನೂ ಇಲ್ಲ. ಬಯಲ ನಡುವಿನ, ಬದುವಿಗೆ ತಾಗದ, ಪಕ್ಕಪಕ್ಕದ ಎರಡು ಮೆಣಸಿನ ಸಾಲು ಆರಿಸಿ, ಒಂದರಲ್ಲಿ ವಿಡಿಯೊ ಹೇಳಿದಂತೆ ಎಲೆ ಕಿತ್ತು, ಇನ್ನೊಂದನ್ನು ಮುಟ್ಟದೆ, ಎರಡಕ್ಕೂ ಒಂದೇ ಗೊಬ್ಬರ, ಒಂದೇ ನೀರು, ಒಂದೇ ಔಷಧ ಕೊಡಬೇಕು. ಪ್ರತಿ ಬಿಡಿತದ ಕಾಯಿಯನ್ನು ಸಾಲುವಾರು ಬೇರೆ ಒಣಗಿಸಿ, ಕೆಂಪು ಕಾಯಿಯನ್ನೂ ಬಿಳಿಗಾಯಿಯನ್ನೂ ಬೇರೆ ಬೇರೆ ತೂಗಿ, ಎಲೆ ಕೀಳಲು ಕೊಟ್ಟ ಕೂಲಿಯನ್ನು ಲೆಕ್ಕಕ್ಕೆ ಸೇರಿಸಿ, ಆ ಅಂಕಿಗಳನ್ನು ರೈತ ಸಂಪರ್ಕ ಕೇಂದ್ರಗಳ ಗೋಡೆಗೆ ಹಚ್ಚಬೇಕು.

— ದಾಳಿಂಬೆ ಮತ್ತು ಮೆಣಸಿನಕಾಯಿ ಬೆಳೆಗಾರರು,
ಕುಷ್ಟಗಿ ತಾಲೂಕು, ಕೊಪ್ಪಳ ಜಿಲ್ಲೆ